ಕೈಯಲ್ಲಿ ಮೂರೂವರೆ ಲಕ್ಷ ಇದೆ, ಸಾಲ ಬೇಡ: ಯಾವ ಹಳೇ ಕಾರು ತಗೊಳ್ಳಲಿ?

ಪ್ರಶ್ನೆ: ನಮ್ಮದು 2008ರ ಸ್ಯಾಂಟ್ರೋ. ಕಳೆದ ತಿಂಗಳು ಶಿರಾಡಿ ಘಾಟಿ ಹತ್ತುವಾಗ ಎಂಜಿನ್ ಓವರ್‌ಹೀಟ್ ಆಗಿ ನಿಂತುಹೋಯಿತು. ಎಂಜಿನ್ನಿನ ಮೇಲ್ಭಾಗದ ಹೆಡ್ ಗ್ಯಾಸ್ಕೆಟ್ ಹೋಗಿದೆ, ಹೆಡ್ಡೂ ಬೆಂಡ್ ಆಗಿದೆ, 55 ಸಾವಿರ ಆಗುತ್ತದೆ ಎನ್ನುತ್ತಾರೆ ಮೆಕ್ಯಾನಿಕ್. ನಾವು ಹಾಸನದಲ್ಲಿದ್ದೇವೆ. ನಾನು ಬೇಲೂರು ರಸ್ತೆಯ ಒಂದು ಹೈಸ್ಕೂಲಿನಲ್ಲಿ ಟೀಚರ್. ದಿನಕ್ಕೆ ಹೋಗಿ ಬರುವುದು 40 ಕಿ.ಮೀ. ಮನೆಯಲ್ಲಿ ಯಜಮಾನರು, ಇಬ್ಬರು ಮಕ್ಕಳು, ಮಂಡಿನೋವಿರುವ ಅತ್ತೆ. ಚೀಟಿ ಎತ್ತಿದ ಮೂರೂವರೆ ಲಕ್ಷ ನಗದು ಮನೆಯಲ್ಲಿದೆ. ಸಾಲ ಮಾಡುವುದಿಲ್ಲ. ಮೂರು ಕಾರು ನೋಡಿದ್ದೇವೆ. ಊರಿನಲ್ಲೇ ಇರುವ 2013ರ ಸ್ವಿಫ್ಟ್ ಡೀಸೆಲ್, ಸೆಕೆಂಡ್ ಓನರ್, 1,18,000 ಕಿ.ಮೀ. ಓಡಿದೆ, 2.9 ಲಕ್ಷ. ಬೆಂಗಳೂರಿನ ಡೀಲರ್ ಹತ್ತಿರ 2016ರ ವ್ಯಾಗನ್ ಆರ್, ಫಸ್ಟ್ ಓನರ್, 58,000 ಕಿ.ಮೀ., 3.4 ಲಕ್ಷ. ಬ್ರೋಕರ್ ತೋರಿಸಿದ ಡೆಲ್ಲಿ ನಂಬರಿನ 2014ರ ಹೋಂಡಾ ಸಿಟಿ ಪೆಟ್ರೋಲ್, 2.75 ಲಕ್ಷ. ಯಾವುದು ತಗೊಳ್ಳಲಿ? ಇಲ್ಲ, ಸ್ಯಾಂಟ್ರೋ ರಿಪೇರಿ ಮಾಡಿಸುವುದೇ ವಾಸಿಯಾ?

ಉತ್ತರ: ಮೇಡಂ, ಮೊದಲು ಸ್ಯಾಂಟ್ರೋ ಮಾತು ಮುಗಿಸಿಬಿಡೋಣ. ಅದಕ್ಕೆ 55 ಸಾವಿರ ಹಾಕಬೇಡಿ. ಸ್ಯಾಂಟ್ರೋ ಕೆಟ್ಟ ಕಾರು ಅಂತ ಅಲ್ಲ. ನನ್ನ ಗ್ಯಾರೇಜಿಗೆ ಬಂದ ಸಣ್ಣ ಕಾರುಗಳಲ್ಲಿ ಅಷ್ಟು ನಿಯತ್ತಾಗಿ ದುಡಿದವು ಕಡಿಮೆ. ಆದರೆ ಹೆಡ್ ಬೆಂಡ್ ಆಗುವಷ್ಟು ಕಾದ ಎಂಜಿನ್ನಿನಲ್ಲಿ ಪೆಟ್ಟು ಹೆಡ್ಡಿಗೆ ಮಾತ್ರ ಬಿದ್ದಿರುತ್ತದೆ ಅಂತ ಯಾರೂ ಹೇಳಲಾರರು. ಬಿಚ್ಚಿ ನೋಡಿದ ಮೇಲೆ ಪಿಸ್ಟನ್ ರಿಂಗ್, ಬೋರ್ ಎಲ್ಲ ಸೇರಿ 55 ಸಾವಿರ 80 ಆಗಿದ್ದನ್ನು ಎಷ್ಟೋ ಸಲ ನೋಡಿದ್ದೇನೆ. 15 ವರ್ಷ ತುಂಬಿದ 2023ರಲ್ಲಿ ಎಫ್‌ಸಿ (ಕಾರು ಓಡಿಸಲು ಯೋಗ್ಯ ಅನ್ನುವ ಪತ್ರ) ಮಾಡಿಸಿ ಆರ್‌ಸಿ ರಿನ್ಯೂವಲ್ ಆಗಿದ್ದರೂ 2028ಕ್ಕೆ ಮತ್ತೆ ಅದೇ ಕೆಲಸ. ಇಷ್ಟೆಲ್ಲ ಮಾಡಿದ ಮೇಲೂ ಮಾರಲು ಹೋದರೆ ಲಕ್ಷ ಮುಟ್ಟುವುದು ಕಷ್ಟ.

ಈಗ ದುಡ್ಡಿನ ಲೆಕ್ಕ. ನೀವು ಬರೆದದ್ದರಲ್ಲಿ ನನಗೆ ಚಿಂತೆ ತಂದದ್ದು ಇದೇ. ಮೂರೂವರೆ ಲಕ್ಷ ಇದೆ ಅಂತ 3.4 ಲಕ್ಷದ ಕಾರು ನೋಡುತ್ತಿದ್ದೀರಿ. ಕಾರಿನ ಬೆಲೆ ಬೇರೆ, ಅದು ನಂಬಿಕೆಯಿಂದ ಓಡಿಸುವ ಕಾರಾಗಲು ಆಗುವ ಖರ್ಚು ಬೇರೆ. ಎಂಥ ಒಳ್ಳೇ ಹಳೇ ಕಾರು ತಂದರೂ ಎಂಜಿನ್ ಆಯಿಲ್, ಫಿಲ್ಟರ್, ಕೂಲಂಟ್, ಬ್ರೇಕ್ ಪ್ಯಾಡ್ ಬದಲಿಸಲೇಬೇಕು. ಹತ್ತು ಸಾವಿರ ಇಡಿ. ಟೈರ್ ಹಳತಾಗಿದ್ದರೆ ನಾಲ್ಕಕ್ಕೆ 15 ಸಾವಿರದ ಆಸುಪಾಸು. ಬ್ಯಾಟರಿ ನಾಲ್ಕೈದು ಸಾವಿರ. ಇನ್ಶೂರೆನ್ಸ್, ಹೆಸರು ಬದಲಾವಣೆ ಸೇರಿ ಇನ್ನೊಂದು ಹತ್ತು ಹನ್ನೆರಡು. ಕ್ಲಚ್ ಮುಗಿದಿದ್ದರೆ ಅದಕ್ಕೂ ಬೇಕು. ಸಾಲ ಮಾಡುವವರಿಗೆ ಕೈಯಲ್ಲಿ ಒಂದಿಷ್ಟು ದುಡ್ಡು ಉಳಿದಿರುತ್ತದೆ. ಇರುವುದನ್ನೆಲ್ಲ ಕಾರಿಗೇ ಸುರಿದವರು ಮೊದಲ ರಿಪೇರಿಗೇ ಒಡವೆ ಅಡ ಇಡುವುದನ್ನು ನಾನು ನೋಡಿದ್ದೇನೆ. ಹಾಗಾಗಿ ನಿಮ್ಮ ಕಾರಿನ ಬೆಲೆ 2.8 ಲಕ್ಷ. ತುಂಬ ಮನಸ್ಸಿಗೆ ಬಂದರೆ 2.9. ಉಳಿದ 60-70 ಸಾವಿರ ಬ್ಯಾಂಕಿನಲ್ಲಿ ಇರಲಿ. ಆರು ತಿಂಗಳು ಅದನ್ನು ಬೇರೆ ಯಾವುದಕ್ಕೂ ಮುಟ್ಟಬೇಡಿ.

ಡೆಲ್ಲಿ ಸಿಟಿಯನ್ನು ಈಗಲೇ ಬಿಟ್ಟುಬಿಡಿ. ಅಲ್ಲಿ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ಕಾರುಗಳ ಮೇಲೆ ನಿರ್ಬಂಧ ಬಂದ ಮೇಲೆ ಆ ಕಡೆಯ ಕಾರುಗಳ ಬೆಲೆ ಬಿದ್ದಿದೆ. ಲಾರಿಗಟ್ಟಲೆ ದಕ್ಷಿಣಕ್ಕೆ ಬರುತ್ತವೆ. ಬ್ರೋಕರ್ ಹೇಳುವ 2.75 ಲಕ್ಷ ಬರೀ ಕಾರಿಗೆ. ಅದಕ್ಕೆ ಕೆಎ ನಂಬರ್ ಬರಬೇಕಾದರೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ (ತಕರಾರಿಲ್ಲ ಅನ್ನುವ ಪತ್ರ) ಬೇಕು. ಇಲ್ಲಿ ಮತ್ತೆ ರಿಜಿಸ್ಟ್ರೇಷನ್ ಆಗಬೇಕು. ಕಾರಿನ ಮೂಲ ಬೆಲೆ ಮತ್ತು ವಯಸ್ಸು ನೋಡಿ ಹಾಕುವ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಬೇಕು. ಸಿಟಿಯಂಥ ಕಾರಿಗೆ ಅದು ಹತ್ತಿಪ್ಪತ್ತು ಸಾವಿರದಲ್ಲಿ ಮುಗಿಯುವ ಮಾತಲ್ಲ. ಜೊತೆಗೆ ಆ ಕಾರನ್ನು ಯಾರು ಓಡಿಸಿದರು, ಎಲ್ಲಿ ಗುದ್ದಿಸಿದರು ಅಂತ ಕೇಳಲು ಓನರೇ ಎದುರಿಗಿಲ್ಲ. ಸಿಟಿ ಒಳ್ಳೆಯ ಕಾರೇ. ನಿಮ್ಮ ಸ್ಥಿತಿಗೆ ಸರಿಹೋಗುವ ವ್ಯವಹಾರ ಅಲ್ಲ.

ಸ್ವಿಫ್ಟ್ ಡೀಸೆಲ್ ಬಗ್ಗೆ ನಿಮ್ಮ ಯಜಮಾನರಿಗೆ ಆಸೆ ಇರಬಹುದು, ಮೈಲೇಜ್ ಕಾರಣಕ್ಕೆ. ಲೆಕ್ಕ ಹಾಕೋಣ. ಶಾಲೆಗೆ ಹೋಗಿ ಬಂದು, ಹಬ್ಬಕ್ಕೆ ಊರಿಗೆ ಹೋಗಿ, ವರ್ಷಕ್ಕೆ 12,000 ಕಿ.ಮೀ. ಅಂತಿಟ್ಟುಕೊಳ್ಳಿ. ಪೆಟ್ರೋಲ್ ಕಾರು ಲೀಟರಿಗೆ 18 ಕೊಟ್ಟರೆ, ಲೀಟರಿಗೆ 103 ರೂಪಾಯಿಯಂತೆ ವರ್ಷಕ್ಕೆ ಸುಮಾರು 69 ಸಾವಿರ. ಡೀಸೆಲ್ 22 ಕೊಟ್ಟರೆ, 91 ರೂಪಾಯಿಯಂತೆ ಸುಮಾರು 50 ಸಾವಿರ. ಉಳಿತಾಯ ವರ್ಷಕ್ಕೆ 19 ಸಾವಿರ. ಸಣ್ಣ ಮೊತ್ತ ಅಲ್ಲ, ಒಪ್ಪುತ್ತೇನೆ. ಆದರೆ 1,18,000 ಕಿ.ಮೀ. ಮುಗಿಸಿದ ಡೀಸೆಲ್ ಕಾರಿನಲ್ಲಿ ಇಂಜೆಕ್ಟರ್, ಟರ್ಬೊ, ಕ್ಲಚ್ ಮೂರೂ ಸರದಿಯಲ್ಲಿ ನಿಂತಿರುತ್ತವೆ. ಇಂಜೆಕ್ಟರೋ ಟರ್ಬೊವೋ ಕೈಕೊಟ್ಟರೆ ಒಂದೂವರೆ ಎರಡು ವರ್ಷದ ಉಳಿತಾಯ ಒಂದೇ ಬಿಲ್ಲಿನಲ್ಲಿ ಹೋಗಬಹುದು. ಇನ್ನೊಂದು ವಿಷಯ. 2013ರ ಕಾರಿಗೆ 2028ರಲ್ಲಿ 15 ವರ್ಷ ತುಂಬುತ್ತದೆ. ಆಗ ಎಫ್‌ಸಿ, ಹಸಿರು ತೆರಿಗೆ, ಆರ್‌ಸಿ ರಿನ್ಯೂವಲ್. ಈ ರಿನ್ಯೂವಲ್ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ ಒಂದೇ ಸಲಕ್ಕೆ 5,000ಕ್ಕೆ ಏರಿತು. ಮಾರುತಿಯವರು 2020ರಲ್ಲೇ ಡೀಸೆಲ್ ಕಾರು ನಿಲ್ಲಿಸಿದರು. ನಾಳೆ ನೀವು ಮಾರುವಾಗ ಕೇಳುವವರೂ ಕಡಿಮೆ. ದಿನಕ್ಕೆ ನೂರು ಕಿಲೋಮೀಟರ್ ಓಡುವವರಾಗಿದ್ದರೆ ನಾನೇ ಡೀಸೆಲ್ ತಗೊಳ್ಳಿ ಅನ್ನುತ್ತಿದ್ದೆ. ನಿಮ್ಮ 40ಕ್ಕೆ ಬೇಡ.

ಉಳಿಯಿತು ವ್ಯಾಗನ್ ಆರ್. ಅತ್ತೆಯವರ ಮಂಡಿಗೆ ಇದಕ್ಕಿಂತ ಅನುಕೂಲದ ಕಾರು ಈ ಬೆಲೆಗೆ ಸಿಗುವುದಿಲ್ಲ. ಬಾಗುವುದೂ ಬೇಡ, ಹತ್ತುವುದೂ ಬೇಡ. ಬಾಗಿಲು ತೆಗೆದು ಸೀಟಿನ ಮೇಲೆ ಕೂತು ಕಾಲು ಒಳಗೆ ಎಳೆದುಕೊಂಡರೆ ಆಯಿತು. ಅದರ ಒಂದು ಲೀಟರ್ ಎಂಜಿನ್ನಿಗೆ ಟೈಮಿಂಗ್ ಚೈನ್ ಇದೆ. ಬೆಲ್ಟ್ ಇರುವ ಎಂಜಿನ್ನಿನ ಹಾಗೆ ಇಷ್ಟು ಸಾವಿರ ಕಿ.ಮೀ.ಗೆ ಬದಲಿಸಬೇಕು ಅನ್ನುವ ಖರ್ಚಿಲ್ಲ. ಬೇಲೂರಿನ ಸಣ್ಣ ಗ್ಯಾರೇಜಿನಲ್ಲೂ ರಿಪೇರಿ ಆಗುತ್ತದೆ. ಕೊರತೆ ಇರುವುದು ಸುರಕ್ಷತೆಯಲ್ಲಿ. ಆ ವರ್ಷದ ವ್ಯಾಗನ್ ಆರ್‌ಗಳಲ್ಲಿ ಬಹಳಷ್ಟಕ್ಕೆ ಏರ್‌ಬ್ಯಾಗೂ ಇಲ್ಲ, ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ಸೂ ಇಲ್ಲ. ದಿನಾ ಹೈವೇಯಲ್ಲಿ ಓಡಾಡುವ ನಿಮಗೆ ಇದನ್ನು ಹೇಳದೆ ಬಿಟ್ಟರೆ ತಪ್ಪಾಗುತ್ತದೆ. ಏರ್‌ಬ್ಯಾಗ್ ಇರುವ ಆಪ್ಷನ್ ಮಾದರಿಯೂ ಬಂದಿತ್ತು. ನೀವು ನೋಡಿದ್ದು ಅದೇನಾ ಕೇಳಿ. ಸ್ಟೀರಿಂಗ್ ಮಧ್ಯದಲ್ಲಿ ಏರ್‌ಬ್ಯಾಗ್ ಗುರುತು ಇದೆಯಾ, ಇಗ್ನಿಷನ್ ಆನ್ ಮಾಡಿದಾಗ ಅದರ ದೀಪ ಹತ್ತಿ ಆರುತ್ತದೆಯಾ ನೋಡಿ.

ಇದರ ಜೊತೆಗೆ ನಾಲ್ಕನೆಯದೊಂದು ಹುಡುಕಿ: ಟೊಯೊಟಾ ಎಟಿಯೋಸ್ ಲಿವಾ, ಪೆಟ್ರೋಲ್. ನಮ್ಮ ಬಿಡದಿಯಲ್ಲೇ ತಯಾರಾದ ಕಾರು. 2016ರ ಕೊನೆಗೆ ಬಂದ ಲಿವಾದಲ್ಲಿ ಎಲ್ಲ ಮಾದರಿಗೂ ಎರಡು ಏರ್‌ಬ್ಯಾಗ್, ಎಬಿಎಸ್ ಕೊಟ್ಟರು. ಇದರ ಅಣ್ಣ ಎಟಿಯೋಸ್ ಸೆಡಾನ್‌ಗೆ ಅದೇ ವರ್ಷ, ಕಾರನ್ನು ಗುದ್ದಿಸಿ ಸುರಕ್ಷತೆ ಅಳೆಯುವ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ 4 ಸ್ಟಾರ್ ಸಿಕ್ಕಿತ್ತು. 2020ರಲ್ಲಿ ತಯಾರಿಕೆ ನಿಂತರೂ ಕಂಪನಿ ಇಲ್ಲೇ ಇದೆ, ಪಾರ್ಟ್ಸ್ ಸಿಗುತ್ತವೆ. ನೋಡಲು ಸಪ್ಪೆ ಅಂತ ಹೊಸದಾಗಿದ್ದಾಗಲೇ ಜನ ಅಷ್ಟಾಗಿ ಇಷ್ಟಪಡಲಿಲ್ಲ. ಹಾಗಾಗಿ ಅದೇ ವರ್ಷದ ಸ್ವಿಫ್ಟ್‌ಗಿಂತ ಕಡಿಮೆಗೆ ಬರುತ್ತದೆ. ಒಂದೇ ಎಚ್ಚರಿಕೆ. ಎಟಿಯೋಸ್, ಲಿವಾ ಟ್ಯಾಕ್ಸಿಯಾಗಿ ಬಹಳ ಓಡಿವೆ. ಯೆಲ್ಲೋ ಬೋರ್ಡ್ ಕಾರನ್ನು ವೈಟ್ ಬೋರ್ಡ್ ಮಾಡಿಸಿ, ಪೇಂಟ್ ಹೊಡೆದು, ಮೀಟರ್ ತಿರುಗಿಸಿ ಮಾರುವವರಿದ್ದಾರೆ. ಇನ್ಶೂರೆನ್ಸಿನ ಹಳೇ ಪಾಲಿಸಿ ಕೇಳಿ. ಟ್ಯಾಕ್ಸಿಯಾಗಿದ್ದರೆ ಅದರಲ್ಲಿ ಕಮರ್ಷಿಯಲ್ ಅಂತ ಇರುತ್ತದೆ.

ಬೆಂಗಳೂರಿನ ಡೀಲರ್ ಜೊತೆ ಚೌಕಾಸಿ ಮಾಡಲು ನಿಮಗೊಂದು ಒಳ್ಳೆಯ ಕಾರಣವಿದೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿಯಿತು, ಮೇಲಿದ್ದ ಸೆಸ್ ಕೂಡ ಹೋಯಿತು. ಹೊಸ ಕಾರೇ ಅಗ್ಗವಾದ ಮೇಲೆ ಹಳೇ ಕಾರಿಗೆ ಹಿಂದಿನ ರೇಟು ಯಾಕೆ ಕೊಡಬೇಕು ಅಂತ ಕೇಳಿ. ಇನ್ನು, ಹಳೇ ಕಾರಿನ ಮೇಲೆ ಡೀಲರ್ ಕಟ್ಟುವ ಜಿಎಸ್‌ಟಿ ಅವರ ಲಾಭದ ಭಾಗಕ್ಕೆ ಮಾತ್ರ, ಪೂರ್ತಿ ಬೆಲೆಗಲ್ಲ. ಮಾತು ಮುಗಿದ ಮೇಲೆ ಅದನ್ನು ಬೇರೆ ಸೇರಿಸಿದರೆ ಒಪ್ಪಬೇಡಿ. 2.9ಕ್ಕೆ ಇಳಿಯದಿದ್ದರೆ ಎದ್ದು ಬನ್ನಿ. ವ್ಯಾಗನ್ ಆರ್ ಊರಿಗೆ ಹತ್ತಿವೆ.

ಈಗ ಕಾರು ನೋಡುವ ಬಗೆ. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ಘಾಟಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ನಿಂತ ಆ ಕಷ್ಟ ನಿಮಗೆ ಮತ್ತೆ ಬರಬಾರದು.

ಬೆಳಗ್ಗೆ ಹೋಗಿ. ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಅಂತ ಹಿಂದಿನ ದಿನವೇ ಹೇಳಿ. ಹೋದ ತಕ್ಷಣ ಬಾನೆಟ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ಇನ್ನೊಂದು ದಿನ ಬರುತ್ತೇವೆ ಅನ್ನಿ. ತಣ್ಣನೆಯ ಎಂಜಿನ್ ತನ್ನ ಕಾಯಿಲೆ ಮುಚ್ಚಿಡಲಾರದು. ಕಾದ ಎಂಜಿನ್ ಮುಚ್ಚಿಡುತ್ತದೆ. ಸ್ಟಾರ್ಟ್ ಮಾಡುವ ಮೊದಲು ರೇಡಿಯೇಟರ್ ಪಕ್ಕದ ಕೂಲಂಟ್ ಡಬ್ಬಿ ನೋಡಿ. ಹಸಿರೋ ಕೆಂಪೋ ನೀಲಿಯೋ ತಿಳಿಯಾಗಿದ್ದರೆ ಸರಿ. ತುಕ್ಕಿನ ಬಣ್ಣದ ನೀರಿದ್ದರೆ ಬರೀ ನಲ್ಲಿ ನೀರು ಹಾಕಿ ಓಡಿಸಿದ್ದಾರೆ ಅಂತ ಅರ್ಥ. ನಿಮ್ಮ ಸ್ಯಾಂಟ್ರೋ ಹಾಳಾದದ್ದೂ ಬಹುಶಃ ಹೀಗೆಯೇ. ಆಮೇಲೆ ಆಯಿಲ್ ಮುಚ್ಚಳ ತಿರುಗಿಸಿ ಒಳಭಾಗ ನೋಡಿ. ಹಾಲು ಕಾಫಿ ಬಣ್ಣದ ಕೆನೆ ಕಟ್ಟಿದ್ದರೆ ಆಯಿಲಿಗೆ ನೀರು ಸೇರುತ್ತಿರಬಹುದು. ಅಂಥ ಕಾರಿನ ತಂಟೆಯೇ ಬೇಡ.

ಸ್ಟಾರ್ಟ್ ಮಾಡುವಾಗ ಒಬ್ಬರು ಹಿಂದೆ ನಿಂತು ಹೊಗೆ ನೋಡಲಿ. ಚಳಿಯಲ್ಲಿ ಸ್ವಲ್ಪ ಬಿಳಿ ಆವಿ ಬಂದು ನಿಲ್ಲುವುದು ಸಹಜ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಬಿಳಿ ಹೊಗೆ ನಿಲ್ಲದೇ ಬರುತ್ತಿದ್ದರೆ ಕೂಲಂಟ್ ಉರಿಯುತ್ತಿದೆ. ಎಸಿ ಹಾಕಿ, ನಿಂತಲ್ಲೇ 15-20 ನಿಮಿಷ ಓಡಲು ಬಿಡಿ. ಸುಮ್ನೆ ಮಾತಾಡುತ್ತಾ ನಿಲ್ಲಿ, ಅವಸರ ಮಾಡಿದರೂ ಆಫ್ ಮಾಡಲು ಬಿಡಬೇಡಿ. ರೇಡಿಯೇಟರ್ ಫ್ಯಾನ್ ಬಂದು ಹೋಗಬೇಕು. ಬಿಸಿ ಎಚ್ಚರಿಕೆ ದೀಪ ಹತ್ತಬಾರದು, ಎಸಿ ತಣ್ಣಗಿರಬೇಕು. ಇಷ್ಟೇ ಪರೀಕ್ಷೆಯಲ್ಲಿ ಅರ್ಧಕ್ಕರ್ಧ ಕೆಟ್ಟ ಕಾರು ಸಿಕ್ಕಿಬೀಳುತ್ತವೆ.

ಓಡಿಸುವಾಗ ಒಳ್ಳೇ ರಸ್ತೆ ಆರಿಸಬೇಡಿ. ಹಂಪ್ ಇರುವ, ಗುಂಡಿ ಬಿದ್ದ ಗಲ್ಲಿಗೆ ಹೋಗಿ, ಕಿಟಕಿ ಇಳಿಸಿ, ಮ್ಯೂಸಿಕ್ ಆಫ್ ಮಾಡಿ. ಕಟ ಕಟ ಸದ್ದು ಬಂದರೆ ಸಸ್ಪೆನ್ಷನ್ನಿನ ಲಿಂಕ್ ರಾಡೋ ಲೋವರ್ ಆರ್ಮೋ ಮುಗಿದಿದೆ. ಅದಕ್ಕೆ ಹೆದರಬೇಕಿಲ್ಲ, ಬೆಲೆ ಇಳಿಸಲು ಉಪಯೋಗಿಸಿ. ಕ್ಲಚ್ ನೋಡಲು, ಖಾಲಿ ಏರಿನಲ್ಲಿ ನಾಲ್ಕನೇ ಗೇರಿನಲ್ಲಿ 40ರಲ್ಲಿದ್ದಾಗ ಆಕ್ಸಿಲರೇಟರ್ ಪೂರ್ತಿ ಒತ್ತಿ. ಎಂಜಿನ್ ಸದ್ದು ಏರಿ ಕಾರು ಮುಂದೆ ಹೋಗದಿದ್ದರೆ ಕ್ಲಚ್ ಜಾರುತ್ತಿದೆ. ಬೆಂಗಳೂರು ಕಾರಿಗೆ ಇದು ಮುಖ್ಯ. ಆ ಟ್ರಾಫಿಕ್‌ನಲ್ಲಿ 58 ಸಾವಿರ ಕಿ.ಮೀ. ಅಂದರೆ, ಎಂಜಿನ್ ಮತ್ತು ಕ್ಲಚ್ಚಿನ ಲೆಕ್ಕದಲ್ಲಿ ನಮ್ಮ ಕಡೆಯ ಲಕ್ಷಕ್ಕೆ ಹತ್ತಿರ.

ಮೀಟರ್ ನಂಬುವ ಹಾಗಿಲ್ಲ. ಕಂಪನಿ ಸರ್ವಿಸ್ ಸೆಂಟರ್‌ನಲ್ಲಿ ಪ್ರತಿ ಸಲದ ಕಿಲೋಮೀಟರ್ ಬರೆದಿಟ್ಟಿರುತ್ತಾರೆ. ಓನರ್ ಕಡೆಯಿಂದ ಆ ದಾಖಲೆ ತರಿಸಿ. ಕೊಡಲು ಹಿಂದೇಟು ಹಾಕಿದರೆ ಕಾರಣ ನಿಮಗೇ ಗೊತ್ತಾಗುತ್ತದೆ. ಬ್ರೇಕ್ ಪೆಡಲಿನ ರಬ್ಬರ್ ಸವೆದು ನುಣ್ಣಗಾಗಿದ್ದು, ಮೀಟರ್ ಮಾತ್ರ 40 ಸಾವಿರ ತೋರಿಸಿದರೆ ಎರಡರಲ್ಲಿ ಒಂದು ಸುಳ್ಳು. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಗಾಜುಗಳ ಮೂಲೆಯ ಗುರುತು ಎಲ್ಲದರಲ್ಲೂ ಒಂದೇ ವರ್ಷದ್ದಿರಬೇಕು. ಒಂದು ಬೇರೆ ಇದ್ದರೆ ಯಾಕೆ ಬದಲಾಯಿತು ಕೇಳಿ. ಬಾನೆಟ್ ಬೋಲ್ಟಿನ ಪೇಂಟ್ ಕಿತ್ತಿದ್ದರೆ ಅದನ್ನು ಬಿಚ್ಚಿ ಹಾಕಿದ್ದಾರೆ. ಬಾಗಿಲಿನ ಬೀಡಿಂಗ್ ಎಳೆದು ಒಳಗಿನ ವೆಲ್ಡಿಂಗ್ ಚುಕ್ಕೆಗಳು ಸಾಲಾಗಿವೆಯಾ ನೋಡಿ. ಟಿಂಕರಿಂಗ್ ಆಗಿದ್ದರೆ ಅಲ್ಲಿ ಪುಟ್ಟಿ ಮೆತ್ತಿರುತ್ತಾರೆ.

ಬೆಂಗಳೂರು ಕಾರಿನಲ್ಲಿ ನೀರು ಹೊಕ್ಕಿದೆಯಾ ಅಂತಲೂ ನೋಡಬೇಕು. 2022ರ ಸೆಪ್ಟೆಂಬರ್ ಮಳೆಗೆ ಬೆಳ್ಳಂದೂರು, ಸರ್ಜಾಪುರ ರಸ್ತೆ ಕಡೆ ಎಷ್ಟೋ ಕಾರುಗಳು ನೀರಿನಲ್ಲಿ ನಿಂತಿದ್ದವು. ಸೀಟ್ ಬೆಲ್ಟ್ ಪೂರ್ತಿ ಹೊರಗೆ ಎಳೆಯಿರಿ, ಕೊನೆಯ ಭಾಗದಲ್ಲಿ ಕೆಸರಿನ ಗೆರೆ ಇದೆಯಾ ನೋಡಿ. ಸ್ಟೆಪ್ನಿ ಇಡುವ ಗುಂಡಿಯಲ್ಲಿ, ಸೀಟಿನ ಕೆಳಗಿನ ಹಳಿಯಲ್ಲಿ ತುಕ್ಕು ಹುಡುಕಿ. ಮಂಗಳೂರು, ಉಡುಪಿ ಕಾರು ಸಿಕ್ಕರೂ ಕೆಳಗೆ ಬಗ್ಗಿ ನೋಡದೇ ತಗೊಳ್ಳಬೇಡಿ. ಉಪ್ಪುಗಾಳಿಗೆ ತಳ ಬೇಗ ತಿಂದುಹೋಗುತ್ತದೆ.

ಇಷ್ಟೆಲ್ಲ ನೀವೇ ನೋಡಿದ ಮೇಲೂ ಡೀಲರ್‌ಗೆ ಸಂಬಂಧವಿಲ್ಲದ ಒಬ್ಬ ಮೆಕ್ಯಾನಿಕ್‌ಗೆ ಸಾವಿರದೈನೂರೋ ಎರಡು ಸಾವಿರವೋ ಕೊಟ್ಟು ತೋರಿಸಿ. ಪುಕ್ಕಟೆ ಕರೆಯಬೇಡಿ. ದುಡ್ಡು ಕೊಟ್ಟರೆ ಕೆಳಗೆ ಮಲಗಿ ನೋಡುತ್ತಾರೆ.

ಕಾಗದಪತ್ರಕ್ಕೆ ಬರೋಣ. ಹಲವು ವರ್ಷದ ಹಿಂದೆ ನನ್ನ ಓಮ್ನಿ ಮಾರಿದ್ದೆ. ಪರಿಚಯದವರೇ, ಆಮೇಲೆ ಹೆಸರು ಬದಲಿಸಿಕೊಳ್ಳುತ್ತೇನೆ ಅಂದರು, ನಂಬಿದೆ. ವರ್ಷ ಕಳೆದ ಮೇಲೂ ದಂಡದ ನೋಟಿಸ್ ನನ್ನ ಮನೆಗೇ ಬರುತ್ತಿತ್ತು. ದೇವರ ದಯೆ, ಅಪಘಾತ ಆಗಲಿಲ್ಲ. ಆಗಿದ್ದರೆ ಪರಿಹಾರ ನನ್ನ ತಲೆಗೇ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಓನರ್ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಅದಕ್ಕೇ ನೀವು ಕೊಳ್ಳುವಾಗ ಹೆಸರು ಬದಲಾವಣೆಗೆ ಬೇಕಾದ ಫಾರಂ 29ರ ಎರಡು ಪ್ರತಿ, ಫಾರಂ 30, ಸಹಿ ಹಾಕಿಸಿಕೊಂಡೇ ಕಾರು ತನ್ನಿ. ಕೊಂಡವರು 30 ದಿನದೊಳಗೆ ಹೆಸರು ಬದಲಾವಣೆಗೆ ಅರ್ಜಿ ಹಾಕಬೇಕು. ಹಾಸನದ ಆರ್‌ಟಿಒಗೆ ಒಂದು ದಿನ ರಜೆ ಹಾಕಿ ಹೋಗಿ. ಕಾರು ಕರ್ನಾಟಕದ್ದೇ ಆದರೆ ಟ್ಯಾಕ್ಸ್ ಮತ್ತೆ ಕಟ್ಟಬೇಕಿಲ್ಲ. ಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿ, ಸಾಲ ಇದೆಯಾ, ದಂಡ ಬಾಕಿ ಇದೆಯಾ, ಇನ್ಶೂರೆನ್ಸ್ ಎಲ್ಲಿಯವರೆಗೆ ಇದೆ, ನೋಡಿಕೊಳ್ಳಿ. ಸಾಲ ತೀರಿದೆ ಅಂತ ಬಾಯಲ್ಲಿ ಹೇಳಿದರೆ ಸಾಲದು. ಬ್ಯಾಂಕಿನ ಎನ್‌ಒಸಿ, ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಫಾರಂ 35 ಬೇಕು. ಡೀಲರ್ ಆದರೆ ಇನ್ನೊಂದು ಕೇಳಿ. 2023ರ ಏಪ್ರಿಲ್‌ನಿಂದ ಹಳೇ ಕಾರು ಮಾರುವ ಡೀಲರ್‌ಗೆ ಸಾರಿಗೆ ಇಲಾಖೆಯ ಅನುಮತಿ ಪತ್ರ ಇರಬೇಕು. ಎರಡು ಕೀ ಕೊಡಬೇಕು. ಹತ್ತು ಹದಿನೈದು ಸಾವಿರ ಹೆಸರು ಬದಲಾದ ಮೇಲೆ ಕೊಡುತ್ತೇವೆ ಅಂತ ಬರೆದು ಮಾತಾಡಿಕೊಳ್ಳಿ.

ಕಾರು ನಿಮ್ಮದಾದ ಮೇಲೆ ಹಳೇ ಓನರ್ ಹೆಸರಿನ ಇನ್ಶೂರೆನ್ಸಿನಲ್ಲಿ ನಿಮ್ಮ ಕಾರಿಗೆ ಆದ ಡ್ಯಾಮೇಜ್ ಕ್ಲೇಮ್ ಸಿಗುವುದಿಲ್ಲ. 14 ದಿನದೊಳಗೆ ಕಂಪನಿಗೆ ತಿಳಿಸಿ ನಿಮ್ಮ ಹೆಸರಿಗೆ ಮಾಡಿಸಿ.

ಚೀಟಿ ದುಡ್ಡನ್ನು ನಗದಾಗಿ ಎಣಿಸಿಕೊಡಬೇಡಿ. 2017ರ ಏಪ್ರಿಲ್‌ನಿಂದ ಒಂದು ವ್ಯವಹಾರಕ್ಕೆ 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ಪಡೆಯುವ ಹಾಗಿಲ್ಲ. ಎರಡು ದಿನ ಬಿಡಿಸಿ ಕೊಟ್ಟರೂ ವ್ಯವಹಾರ ಒಂದೇ. ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳುತ್ತದೆ. ದಂಡ ಅವರಿಗೆ ಅಲ್ವಾ ಅಂತ ಬಿಡಬೇಡಿ, ಕೊಟ್ಟದ್ದಕ್ಕೆ ನಿಮ್ಮ ಹತ್ತಿರ ದಾಖಲೆ ಇರುವುದಿಲ್ಲ. ಮೊದಲು ನಿಮ್ಮ ಖಾತೆಗೆ ಕಟ್ಟಿ, ಚೀಟಿಯ ರಸೀದಿ ಇಟ್ಟುಕೊಳ್ಳಿ, ಅಲ್ಲಿಂದ ಆರ್‌ಸಿಯಲ್ಲಿ ಹೆಸರಿರುವವರ ಅಥವಾ ಡೀಲರ್ ಸಂಸ್ಥೆಯ ಖಾತೆಗೆ ಕಳಿಸಿ. ಬ್ರೋಕರ್ ಖಾತೆಗೆ ಬೇಡ.

ಕೊನೆಗೆ ಮತ್ತೆ ಸ್ಯಾಂಟ್ರೋ. ಗುಜರಿಯವರು ಬಂದು ದುಡ್ಡು ಕೊಟ್ಟು ಎಳೆದುಕೊಂಡು ಹೋದರೆ ಕೆಲಸ ಮುಗಿಯಲಿಲ್ಲ, ನನ್ನ ಓಮ್ನಿಯ ಕಥೆಯೇ ಆದೀತು. ಸರ್ಕಾರದ ನೋಂದಣಿ ಇರುವ ಸ್ಕ್ರ್ಯಾಪಿಂಗ್ ಕೇಂದ್ರಕ್ಕೆ ಕೊಡಿ, ಅವರ ಸರ್ಟಿಫಿಕೇಟ್ ತಗೊಂಡು ಆರ್‌ಸಿ ರದ್ದು ಮಾಡಿಸಿ. ಫಾಸ್ಟ್ಯಾಗ್ ಮುಚ್ಚಿಸಿ. ಅದಕ್ಕೆ ಫುಲ್ ಇನ್ಶೂರೆನ್ಸ್ ಇದ್ದು, ಕ್ಲೇಮ್ ಮಾಡದೇ ಐದು ವರ್ಷ ಕಟ್ಟಿದ್ದರೆ ನೋ ಕ್ಲೇಮ್ ಬೋನಸ್ 50 ಪರ್ಸೆಂಟ್ ತನಕ ಬಂದಿರುತ್ತದೆ. ಆ ಬೋನಸ್ ಕಾರಿನದಲ್ಲ, ನಿಮ್ಮದು. ಪಾಲಿಸಿ ನಿಲ್ಲಿಸುವಾಗ ಅದಕ್ಕೊಂದು ಪತ್ರ ಕೇಳಿ ತಗೊಳ್ಳಿ. ಮೂರು ವರ್ಷ ನಡೆಯುತ್ತದೆ. ಹೊಸದಾಗಿ ಬರುವ ಕಾರಿನ ಸ್ವಂತ ಡ್ಯಾಮೇಜ್ ಪ್ರೀಮಿಯಂ ಅಷ್ಟು ಕಡಿಮೆಯಾಗುತ್ತದೆ.